ಎರೆಹೊಲದಲ್ಲಿ ಬಸಿಪೈಪು ಹುಗಿಯಲು ಟ್ರೆಂಚರ್ ಓಡಿಸುವ ಕ್ರಮ

ಮಲಪ್ರಭಾ ಕಾಲುವೆಯ ನೀರು ಹರಿಯತೊಡಗಿದ ಮೇಲೆ ನವಲಗುಂದ, ನರಗುಂದ, ರೋಣ ಭಾಗದ ಎಷ್ಟೋ ಎರೆಹೊಲಗಳು ಸವಳು-ಜವಳಾಗಿವೆ. ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚಿರುವುದರಿಂದ ಇಂಗಿದ ನೀರು ಬೇಗ ಕೆಳಗಿಳಿಯುವುದಿಲ್ಲ. ಬೇರಿನ ಮಟ್ಟದಲ್ಲಿಯೇ ನಿಂತು, ಬಿಸಿಲಿಗೆ ಮೇಲೇರಿ ಆವಿಯಾಗುವಾಗ ತನ್ನೊಳಗಿನ ಉಪ್ಪನ್ನು ನೆಲದ ಮೇಲೆ ಬಿಟ್ಟುಹೋಗುತ್ತದೆ. ಇಂತಹ ಹೊಲಕ್ಕೆ ರಂಧ್ರವಿರುವ ಪೈಪುಗಳನ್ನು ನೆಲದೊಳಗೆ ಹುಗಿದು, ಹೆಚ್ಚಾದ ನೀರನ್ನು ಹಳ್ಳಕ್ಕೆ ಬಸಿದು ಬಿಡುವುದು ನಂಬಬಹುದಾದ ಪರಿಹಾರ. ಕಂದಕವನ್ನು ಜೆಸಿಬಿಯಿಂದಲೂ ತೋಡಬಹುದು. ಆದರೆ ಬಕೆಟ್ಟು ಅಗಲವಾಗಿ ತೋಡುತ್ತದೆ, ತಳವನ್ನು ಏರುತಗ್ಗಾಗಿ ಬಿಡುತ್ತದೆ. ಹಲ್ಲಿನ ಚೈನು ತಿರುಗಿಸಿ ಕಂದಕ ತೋಡುವ ಯಂತ್ರವಾದ ಟ್ರೆಂಚರ್ ಕಿರಿದಾದ, ಸಮತಳದ ಕಂದಕ ತೋಡುವುದರಿಂದ ಪೈಪಿನ ಕೆಲಸಕ್ಕೆ ಅದೇ ಮೇಲು.

ಪೈಪಿನ ಸಾಲುಗಳ ಅಂತರ ಮತ್ತು ಆಳವನ್ನು ಅಂದಾಜಿನಿಂದ ನಿರ್ಧರಿಸಬಾರದು. ಮಣ್ಣಿನಲ್ಲಿ ನೀರು ಎಷ್ಟು ವೇಗವಾಗಿ ಹಾಯುತ್ತದೆ ಎಂಬುದನ್ನು ಪರೀಕ್ಷಿಸಿಯೇ ಅವುಗಳನ್ನು ಲೆಕ್ಕ ಹಾಕಬೇಕಾಗಿರುವುದರಿಂದ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಥವಾ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯಾದ ವಾಲ್ಮಿಯ ತಜ್ಞರನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಕೆಲಸಕ್ಕೆ ಹಿಂಗಾರಿ ಕಡಲೆ, ಜೋಳದ ಸುಗ್ಗಿ ಮುಗಿದು ಕಾಲುವೆಯ ನೀರು ನಿಂತ ಬೇಸಿಗೆಯೇ ತಕ್ಕ ಕಾಲ. ಹಸಿ ಎರೆಮಣ್ಣನ್ನು ಚೈನಿನ ಹಲ್ಲು ಉಜ್ಜಿದರೆ ಕಂದಕದ ಗೋಡೆ ಮೆತ್ತಿದಂತೆ ನುಣುಪಾಗಿ, ನೀರು ಒಸರಬೇಕಾದ ಸಣ್ಣ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಮಣ್ಣು ಚೈನಿಗೂ ಅಂಟಿಕೊಂಡು ಯಂತ್ರದ ಮೇಲೆ ಭಾರ ಬೀಳುತ್ತದೆ. ಮಳೆ ಬಿದ್ದ ಹೊಲದಲ್ಲಿ, ಬಾಡಿಗೆಯ ಯಂತ್ರ ಬಂದು ನಿಂತಿದೆ ಎಂಬ ಕಾರಣಕ್ಕೆ ಅವಸರ ಮಾಡದೆ ಕಾಯುವುದೇ ಸರಿ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಇಳಿಜಾರಿನ ವಿಷಯದಲ್ಲಿ. ನೂರು ಮೀಟರಿಗೆ 20 ಸೆಂಟಿಮೀಟರ್ ಇಳಿಜಾರು ಇಟ್ಟುಕೊಂಡರೆ 150 ಮೀಟರ್ ಉದ್ದದ ಸಾಲಿನ ಎರಡು ತುದಿಗಳ ನಡುವೆ 30 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ನಮ್ಮ ಎರೆಹೊಲಗಳು ಬಹುಮಟ್ಟಿಗೆ ಸಪಾಟಾಗಿರುವುದರಿಂದ ಈ ಇಳಿಜಾರನ್ನು ನೆಲ ಕೊಡುವುದಿಲ್ಲ, ಯಂತ್ರವೇ ಕೊಡಬೇಕು. ನೀರು ಹಳ್ಳಕ್ಕೆ ಬೀಳುವ ಹೊರಗಿಂಡಿಯ ಬಳಿ ಆಳ 120 ಸೆಂಟಿಮೀಟರ್ ಇದ್ದರೆ, ಸಪಾಟು ಹೊಲದಲ್ಲಿ ಸಾಲಿನ ಮೇಲ್ತುದಿಯ ಆಳ 90ಕ್ಕೆ ಬರಬೇಕು. ನಡುವೆ ಎಲ್ಲಿಯಾದರೂ ಪೈಪು ಬಾಗಿದರೆ ಅಲ್ಲಿ ನೀರು ನಿಂತು, ಹೂಳು ಕೂತು, ಕ್ರಮೇಣ ಇಡೀ ಸಾಲು ಕಟ್ಟಿಕೊಳ್ಳುತ್ತದೆ. ಲೇಸರ್ ಕಿರಣದ ನೆರವಿನಿಂದ ಆಳ ಹೊಂದಿಸುವ ಯಂತ್ರದಲ್ಲಿ ತ್ರಿಪಾದಿಯ ಮೇಲಿನ ಲೇಸರನ್ನು ಯಂತ್ರದ ಗಾಲಿಯ ಅದುರಾಟ ತಾಗದಷ್ಟು ದೂರದಲ್ಲಿ, ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಬೇಕಾದ ಇಳಿಜಾರನ್ನು ಅದರಲ್ಲಿ ಹೊಂದಿಸಬೇಕು. ಲೇಸರ್ ಇಲ್ಲದಿದ್ದರೆ ಡಂಪಿ ಲೆವೆಲ್‌ನಿಂದ ಮಟ್ಟ ನೋಡಿ, ಸಾಲಿನುದ್ದಕ್ಕೂ ಗೂಟ ಬಡಿದು, ಪ್ರತಿ ಗೂಟದ ಬಳಿ ತೋಡಬೇಕಾದ ಆಳವನ್ನು ಬರೆದಿಡಬೇಕು. ಎರಡೂ ಬಗೆಯಲ್ಲಿ, ಸುಮಾರು 10 ಮೀಟರಿಗೊಮ್ಮೆ ನಿಂತು ಕಂದಕದ ತಳವನ್ನು ಮೇಲಿನಿಂದಲೇ ಅಳತೆಗೋಲಿನಿಂದ ಅಳೆದು ನೋಡುವುದನ್ನು ಬಿಡಬಾರದು.

ತೋಡುವ ಕೆಲಸ ಯಾವಾಗಲೂ ಹಳ್ಳದ ಕಡೆಯ ತುದಿಯಿಂದ ಆರಂಭವಾಗಿ ಮೇಲಕ್ಕೆ ಸಾಗಬೇಕು. ಹಾಗಾದರೆ ಕಂದಕಕ್ಕೆ ಒಸರಿದ ನೀರು ಹಿಂದಕ್ಕೆ ತಾನಾಗಿಯೇ ಹರಿದುಹೋಗುತ್ತದೆ. ಯಂತ್ರವನ್ನು ಸಾಲಿಗೆ ನೇರವಾಗಿ ನಿಲ್ಲಿಸಿ, ಮೊದಲು ಚೈನು ತಿರುಗಿಸಿ, ಆಮೇಲೆ ಚೈನನ್ನು ಹೊತ್ತ ಉದ್ದ ತೋಳಾದ ಬೂಮನ್ನು ನಿಧಾನವಾಗಿ ಮಣ್ಣಿಗಿಳಿಸಬೇಕು. ಬೇಕಾದ ಆಳ ಮುಟ್ಟಿದ ಬಳಿಕವೇ ಮುಂದೆ ಸಾಗಬೇಕು. ಟ್ರ್ಯಾಕ್ಟರಿಗೆ ಕಟ್ಟುವ ಟ್ರೆಂಚರ್ ಆದರೆ ಆ ಟ್ರ್ಯಾಕ್ಟರಿಗೆ ಅತಿ ನಿಧಾನದ ಕ್ರೀಪರ್ ಗೇರ್ ಇರಬೇಕು. ಸಾಮಾನ್ಯ ಮೊದಲ ಗೇರಿನ ವೇಗ ಈ ಕೆಲಸಕ್ಕೆ ಹೆಚ್ಚಾಗುತ್ತದೆ. ಎಂಜಿನ್ನಿನ ಸದ್ದು ಕುಗ್ಗಿದರೆ ಮುಂದಿನ ಚಲನೆಯನ್ನು ತಗ್ಗಿಸಬೇಕೇ ಹೊರತು ಆಳವನ್ನು ಕಡಿಮೆ ಮಾಡಬಾರದು. ಬೂಮ್ ನೆಲದೊಳಗಿರುವಾಗ ಯಂತ್ರವನ್ನು ತಿರುಗಿಸಿದರೆ ಬೂಮೂ ಚೈನೂ ಹಾಳಾಗುತ್ತವೆ. ಚೈನಿನ ಬಿಗಿ, ಹಲ್ಲುಗಳ ಸವೆತ, ಗ್ರೀಸು ಇವನ್ನು ದಿನವೂ ಕೆಲಸಕ್ಕೆ ಮುಂಚೆ ನೋಡಬೇಕು.

ಚೈನಿಗೆ ಅಂಟಿದ ಮಣ್ಣನ್ನು ತೆಗೆಯುವಾಗ ಟ್ರ್ಯಾಕ್ಟರಿನಿಂದ ಚೈನಿಗೆ ಶಕ್ತಿ ಸಾಗಿಸುವ ಪಿಟಿಓ ಬಿಡಿಸಿ, ಎಂಜಿನ್ ಆರಿಸಿ, ಕೀಲಿಯನ್ನು ಕಿಸೆಗೆ ಹಾಕಿಕೊಂಡೇ ಕೈ ಹಚ್ಚಬೇಕು. ಧೋತರ, ಹೆಗಲ ಮೇಲಿನ ಟವೆಲ್, ಸೀರೆಯ ಸೆರಗು ಚೈನಿನ ಹತ್ತಿರ ಸುಳಿಯಕೂಡದು. ಎರೆಮಣ್ಣು ಒಣಗಿದಾಗ ಆಳವಾಗಿ ಬಿರುಕು ಬಿಡುವುದರಿಂದ ಗಟ್ಟಿಯಾಗಿ ಕಾಣುವ ಗೋಡೆಯೂ ಹೆಂಟೆ ಹೆಂಟೆಯಾಗಿ ಒಮ್ಮೆಲೇ ಕುಸಿಯಬಹುದು. ಆದ್ದರಿಂದ ಪೈಪು ಸರಿಪಡಿಸಲೆಂದು ಯಾರನ್ನೂ ಕಂದಕಕ್ಕೆ ಇಳಿಸಬಾರದು. ಆ ಕೆಲಸವನ್ನು ಮೇಲಿನಿಂದ ಕೊಕ್ಕೆಗೋಲು ಹಿಡಿದು ಮಾಡಬಹುದು. ಬೋರ್‌ವೆಲ್ಲಿನ ಕೇಬಲ್, ಹುಗಿದ ನೀರಿನ ಪೈಪು ಎಲ್ಲಿ ಹಾದಿವೆ ಎಂದು ಹೊಲದವರನ್ನು ಮೊದಲೇ ಕೇಳಿ ಗುರುತು ಹಾಕಿಕೊಳ್ಳಬೇಕು.

ತೋಡಿದ ಕಂದಕವನ್ನು ರಾತ್ರಿಯವರೆಗೆ ತೆರೆದಿಡದೆ, ಫಿಲ್ಟರ್ ಬಟ್ಟೆ ಸುತ್ತಿದ ಪೈಪನ್ನು ಹಿಂದೆಯೇ ಇಳಿಸುತ್ತಾ ಬರಬೇಕು. ತಳ ಹೆಚ್ಚು ಆಳವಾದಲ್ಲಿ ಸಡಿಲ ಮಣ್ಣಿನ ಬದಲು ಸಣ್ಣ ಜಲ್ಲಿ ತುಂಬಿ ಮಟ್ಟಕ್ಕೆ ತರಬೇಕು. ಮೊದಲು ಒಂದು ಗೇಣಿನಷ್ಟು ಪುಡಿಮಣ್ಣನ್ನು ಪೈಪಿನ ಮೇಲೆ ಮೆಲ್ಲಗೆ ಹಾಕಿ, ಅದು ಕದಲದಂತಾದ ಮೇಲೆ ಉಳಿದದ್ದನ್ನು ಎಳೆಯಬೇಕು. ದೊಡ್ಡ ಹೆಂಟೆ ನೇರವಾಗಿ ಬಿದ್ದರೆ ಪೈಪು ಚಪ್ಪಟೆಯಾಗುತ್ತದೆ. ಹಳ್ಳಕ್ಕೆ ಸೇರುವ ಕೊನೆಯ ತುಂಡು ರಂಧ್ರವಿಲ್ಲದ ಗಟ್ಟಿ ಪೈಪಾಗಿರಲಿ, ಅದರ ಬಾಯಿ ಹಳ್ಳದ ನೀರಿನ ಮಟ್ಟಕ್ಕಿಂತ ಮೇಲಿರಲಿ, ಹೆಗ್ಗಣ ನುಗ್ಗದಂತೆ ಜಾಳಿಗೆ ಕೂಡಿಸಿರಲಿ. ಮುಚ್ಚಿದ ಮಣ್ಣು ಮೊದಲ ಮಳೆಗೆ ಕುಸಿಯುವುದರಿಂದ ಅದನ್ನು ಗಾಲಿಯಿಂದ ಒತ್ತದೆ ದಿಬ್ಬದಂತೆ ಏರಿಸಿ ಬಿಡಬೇಕು. ಪ್ರತಿ ಸಾಲು ಬದುವಿನಿಂದ ಎಷ್ಟು ದೂರ, ಎಷ್ಟು ಆಳದಲ್ಲಿದೆ ಎಂಬ ನಕ್ಷೆಯನ್ನು ಬರೆದು ಹೊಲದ ಕಾಗದಪತ್ರಗಳ ಜೊತೆ ಇಟ್ಟರೆ, ಮುಂದೆ ಬೋರ್ ಕೊರೆಸುವವರಿಗೂ ಪೈಪು ದುರಸ್ತಿ ಮಾಡುವವರಿಗೂ ಅದು ಬೇಕಾಗುತ್ತದೆ.