ಫೈಲನ್ನು ಹಿಡಿದು ಕೂತ ಪ್ರೋಸೆಸ್‌ ಪತ್ತೆಹಚ್ಚಿ ನಿಲ್ಲಿಸುವ ಬಗೆ

ಲಿನಕ್ಸ್ ಸರ್ವರಿನ ಡಿಸ್ಕ್ ತುಂಬಿದೆಯೆಂದು 40 ಜಿಬಿಯ ಹಳೆಯ ಲಾಗ್ ಫೈಲೊಂದನ್ನು ಅಳಿಸಿದ್ದೀರಿ ಎಂದುಕೊಳ್ಳಿ. ಡಿಯು ಕಮಾಂಡ್ ಕೊಟ್ಟರೆ ಫೋಲ್ಡರು ಹಗುರಾಗಿದೆ, ಡಿಎಫ್ ಕೊಟ್ಟರೆ ಡಿಸ್ಕ್ ಇನ್ನೂ ಶೇ 100ರಷ್ಟು ತುಂಬಿಯೇ ಇದೆ. ಎರಡರಲ್ಲಿ ಯಾವುದೂ ಸುಳ್ಳು ಹೇಳುತ್ತಿಲ್ಲ. ಯೂನಿಕ್ಸ್‌ನಲ್ಲಿ ಆರ್‌ಎಂ ಕಮಾಂಡ್ ಅಳಿಸುವುದು ಫೈಲಿನ ಹೆಸರನ್ನಷ್ಟೇ. ಆ ಹೆಸರಿನ ಹಿಂದಿರುವ ಐನೋಡ್ (ಫೈಲಿನ ವಿವರಗಳ ದಾಖಲೆ) ಮತ್ತು ದತ್ತಾಂಶ, ಅದನ್ನು ತೆರೆದುಕೊಂಡಿರುವ ಕೊನೆಯ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮು) ಕೈಬಿಡುವವರೆಗೂ ಡಿಸ್ಕಿನಲ್ಲೇ ಉಳಿಯುತ್ತವೆ. ಡಿಯು ಹೆಸರುಗಳ ಜಾಡು ಹಿಡಿದು ಲೆಕ್ಕ ಹಾಕಿದರೆ, ಡಿಎಫ್ ಬಳಕೆಯಲ್ಲಿರುವ ಜಾಗವನ್ನೇ ತೋರಿಸುತ್ತದೆ.

ಹೀಗೆ ಹೆಸರು ಕಳೆದುಕೊಂಡೂ ತೆರೆದೇ ಇರುವ ಫೈಲುಗಳನ್ನು ತೋರಿಸುವ ಕಮಾಂಡ್ ‘ಸುಡೊ ಎಲ್‌ಎಸ್‌ಒಎಫ್ +ಎಲ್1’. (ಇಲ್ಲಿನ ಕಮಾಂಡ್‌ಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಬೇಕು, ಈ ‘ಎಲ್’ ಮಾತ್ರ ದೊಡ್ಡಕ್ಷರ.) ರೂಟ್ ಎಂಬ ನಿರ್ವಾಹಕನ ಅಧಿಕಾರ ಕೊಡುವ ಸುಡೊ ಬಿಟ್ಟರೆ ಇತರರ ಪ್ರೋಸೆಸ್‌ಗಳು ತೆರೆದಿರುವ ಫೈಲುಗಳು ಸಾಮಾನ್ಯವಾಗಿ ಕಾಣುವುದಿಲ್ಲ, ಏನೂ ಸಿಗಲಿಲ್ಲವೆಂದು ನೀವು ಸುಮ್ಮನಾಗಿಬಿಡುವ ಅಪಾಯವಿದೆ. ಬರುವ ಪ್ರತಿ ಸಾಲಿನಲ್ಲಿ ಪ್ರೋಗ್ರಾಮಿನ ಹೆಸರು, ಅದರ ಪಿಐಡಿ (ಪ್ರೋಸೆಸ್‌ನ ಗುರುತು ಸಂಖ್ಯೆ), ಬಳಕೆದಾರ, ಅನಂತರ ‘7ಡಬ್ಲ್ಯೂ’ ಎಂಬಂಥ ಗುರುತು ಇರುತ್ತವೆ. ಈ 7 ಎಂಬುದು ಆ ಪ್ರೋಸೆಸ್ ಒಳಗೆ ಫೈಲಿಗಿರುವ ಡಿಸ್ಕ್ರಿಪ್ಟರ್ ಸಂಖ್ಯೆ, ಡಬ್ಲ್ಯೂ ಎಂದರೆ ಬರೆಯಲು ತೆರೆದಿದೆ ಎಂದರ್ಥ.

ಪಿಐಡಿ ಸಿಕ್ಕಿತೆಂದು ಕೂಡಲೇ ಕೊಲ್ಲಲು ಹೊರಡಬೇಡಿ. ಬಹಳಷ್ಟು ಸರ್ವಿಸ್‌ಗಳಿಗೆ ಲಾಗ್ ಫೈಲನ್ನು ಮುಚ್ಚಿ ಹೊಸದಾಗಿ ತೆರೆಯುವಂತೆ ಹೇಳುವ ಸಿಗ್ನಲ್ (ಪ್ರೋಸೆಸ್‌ಗೆ ಕಳಿಸುವ ಸೂಚನೆ) ಇರುತ್ತದೆ: ಲಾಗ್ ಬರೆಯುವ ಆರ್‌ಸಿಸ್‌ಲಾಗ್‌ಗೆ ಹಪ್, ವೆಬ್ ಸರ್ವರ್ ಎಂಜಿನ್ಎಕ್ಸ್‌ಗೆ ಯುಎಸ್‌ಆರ್1. ಅದೂ ಇಲ್ಲ, ಸರ್ವಿಸ್ ರೀಸ್ಟಾರ್ಟ್ ಮಾಡಲು ಅನುಮತಿಯೂ ಇಲ್ಲ ಎಂದಾದರೆ, ಲಿನಕ್ಸ್‌ನಲ್ಲಿ ‘: > /ಪ್ರಾಕ್/2143/ಎಫ್‌ಡಿ/7’ ಎಂದು ರೂಟ್ ಆಗಿ ಕೊಟ್ಟರೆ 2143 ಎಂಬ ಪಿಐಡಿ ಹಿಡಿದಿರುವ ಆ ಫೈಲು ಬರಿದಾಗಿ, ಜಾಗ ತಕ್ಷಣ ಬಿಡುಗಡೆಯಾಗುತ್ತದೆ. ಲಾಗ್ ಫೈಲಿನ ಮಟ್ಟಿಗೆ ಇದು ಸರಿ. ಡೇಟಾಬೇಸ್ ಫೈಲಿನ ಮೇಲೆ ಎಂದಿಗೂ ಮಾಡಬಾರದು.

ಇನ್ನೊಂದು ಸಂದರ್ಭ ‘ಟಾರ್ಗೆಟ್ ಈಸ್ ಬಿಜಿ’ ಎಂಬ ಸಂದೇಶದ್ದು. ಬ್ಯಾಕಪ್ ಡಿಸ್ಕನ್ನು ಯುಮೌಂಟ್ ಮಾಡಹೊರಟಾಗ (ವ್ಯವಸ್ಥೆಯಿಂದ ಬೇರ್ಪಡಿಸಹೊರಟಾಗ) ಅದು ಬಂದರೆ ‘ಸುಡೊ ಫ್ಯೂಸರ್ -ವಿಎಂ /ಎಂಎನ್‌ಟಿ/ಬ್ಯಾಕಪ್’ ಎಂದು ಕೇಳಿ. ಉತ್ತರದಲ್ಲಿ ಪಿಐಡಿಯ ಪಕ್ಕ ದೊಡ್ಡಕ್ಷರದ ಎಫ್ ಕಂಡರೆ ಫೈಲು ಬರೆಯಲು ತೆರೆದಿದೆ, ಸಣ್ಣ ಇ ಇದ್ದರೆ ಆ ಡಿಸ್ಕಿನಲ್ಲಿರುವ ಪ್ರೋಗ್ರಾಮೇ ಓಡುತ್ತಿದೆ, ಸಿ ಇದ್ದರೆ ಯಾವುದೋ ಪ್ರೋಸೆಸ್ ಆ ಫೋಲ್ಡರಿನಲ್ಲಿ ನಿಂತಿದೆ ಎಂದು ತಿಳಿಯಬೇಕು. ಈ ಸಿ ಎದುರು ‘ಬ್ಯಾಶ್’ ಎಂದಿದ್ದರೆ, ಅದು ಅನೇಕ ಸಲ ನೀವೇ ಇನ್ನೊಂದು ಕಿಟಕಿಯಲ್ಲಿ ತೆರೆದಿಟ್ಟು ಮರೆತ ಶೆಲ್. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಈ ಅನುಭವ ನನಗೆ ಒಂದಕ್ಕಿಂತ ಹೆಚ್ಚು ಸಲ ಆಗಿದೆ. ‘ಸಿಡಿ’ ಎಂದು ಹೊರಬಂದರೆ ಮುಗಿಯಿತು.

ಫ್ಯೂಸರ್‌ಗೆ ‘-ಕೆ’ ಸೇರಿಸಿದರೆ ಅದು ಸಿಕ್ಕ ಎಲ್ಲ ಪ್ರೋಸೆಸ್‌ಗಳನ್ನೂ ಕೊಲ್ಲುತ್ತದೆ, ಅದೂ ನೇರವಾಗಿ 9ನೇ ಸಿಗ್ನಲ್ ಕಳಿಸಿ. ಇದಕ್ಕಿಂತ ದೊಡ್ಡ ಅಪಾಯ ‘-ಎಂ’ನಲ್ಲಿದೆ: ನೀವು ಕೊಟ್ಟ ಫೋಲ್ಡರಿನ ಮೇಲೆ ಆ ಹೊತ್ತಿಗೆ ಏನೂ ಮೌಂಟ್ ಆಗಿರದಿದ್ದರೆ, ಆ ಫೋಲ್ಡರು ಇರುವ ಫೈಲ್‌ಸಿಸ್ಟಮ್, ಎಂದರೆ ಬಹುಮಟ್ಟಿಗೆ ರೂಟ್ ಫೈಲ್‌ಸಿಸ್ಟಮ್ಮೇ, ಗುರಿಯಾಗುತ್ತದೆ, ‘-ಕೆಎಂ’ ಎಂದು ಕೊಟ್ಟವನ ಲಾಗಿನ್ ಸಹಿತ ಇಡೀ ಯಂತ್ರ ನೆಲಕಚ್ಚುತ್ತದೆ. ಹೀಗಾಗಿ ನಾನು ‘-ಕೆ’ಯನ್ನು ಬಳಸುವುದೇ ಇಲ್ಲ. ಬಳಸಲೇಬೇಕೆಂದರೆ, ಒಂದೊಂದಕ್ಕೂ ಒಪ್ಪಿಗೆ ಕೇಳುವ ‘-ಐ’ ಜೊತೆಗಿರಲಿ.

ನಿಲ್ಲಿಸಲು ‘ಕಿಲ್ 2143’ ಸಾಕು. ಅದು ಕಳಿಸುವ 15ನೇ ಸಿಗ್ನಲ್ ಟರ್ಮ್, ಪ್ರೋಗ್ರಾಮಿಗೆ ಬರೆಯುತ್ತಿದ್ದುದನ್ನು ಮುಗಿಸಿ ಫೈಲು ಮುಚ್ಚಲು ಅವಕಾಶ ಕೊಡುತ್ತದೆ. ಹತ್ತಿಪ್ಪತ್ತು ಸೆಕೆಂಡು ಕಾದು, ‘ಪಿಎಸ್ -ಪಿ 2143’ ಎಂದು ನೋಡಿ, ಆಗಲೂ ಜಗ್ಗದಿದ್ದರೆ ಮಾತ್ರ ‘ಕಿಲ್ -9’ ಕೊಡಬೇಕು. ಸಿಸ್ಟಮ್‌ಡಿ ನೋಡಿಕೊಳ್ಳುವ ಸರ್ವಿಸ್ ಆಗಿದ್ದರೆ ‘ಸಿಸ್ಟಮ್‌ಸಿಟಿಎಲ್ ಸ್ಟಾಪ್’ ಮೂಲಕವೇ ನಿಲ್ಲಿಸಿ, ಏಕೆಂದರೆ ಕಿಲ್ ಮಾಡಿದರೆ ಅದು ಹೊಸ ಪಿಐಡಿಯೊಡನೆ ಮತ್ತೆ ಎದ್ದುಬರಬಹುದು.

‘ಪಿಎಸ್ -ಒ ಸ್ಟ್ಯಾಟ್ -ಪಿ 2143’ ತೋರಿಸುವ ಸ್ಥಿತಿ ದೊಡ್ಡಕ್ಷರದ ಡಿ ಆಗಿದ್ದರೆ ಆ ಪ್ರೋಸೆಸ್ ಕರ್ನಲ್ಲಿನೊಳಗೆ ಡಿಸ್ಕಿಗೋ ನೆಟ್‌ವರ್ಕಿನಲ್ಲಿ ಫೈಲು ಹಂಚುವ ಎನ್‌ಎಫ್‌ಎಸ್ ಸರ್ವರಿಗೋ ಕಾದು ಕೂತಿರುತ್ತದೆ, ಸಾಮಾನ್ಯವಾಗಿ 9ನೇ ಸಿಗ್ನಲ್ಲಿಗೂ ಏಳುವುದಿಲ್ಲ. ಕೆಟ್ಟುಹೋದ ಸಂಪರ್ಕವನ್ನು ಸರಿಪಡಿಸಬೇಕು, ಇಲ್ಲವೇ ರೀಬೂಟ್ ಮಾಡಬೇಕು. ಇನ್ನು ಪಟ್ಟಿಯಲ್ಲಿ ಯಾವ ಪ್ರೋಸೆಸ್ಸೂ ಇಲ್ಲದೆ ಡಿಸ್ಕ್ ಬಿಜಿ ಎನ್ನುತ್ತಿದ್ದರೆ, ಅದರ ಮೇಲೆ ಸ್ವಾಪ್ ಫೈಲು (ಮೆಮೊರಿಗೆ ಪೂರಕವಾದದ್ದು), ಲೂಪ್ ಡಿವೈಸ್ (ಡಿಸ್ಕಿನಂತೆ ಬಳಸುವ ಫೈಲು) ಅಥವಾ ಒಳಗೆ ಮತ್ತೊಂದು ಮೌಂಟ್ ಇದೆಯೇ ಎಂದು ‘ಸ್ವಾಪ್‌ಆನ್ --ಶೋ’, ‘ಲೋಸೆಟಪ್ -ಎ’, ‘ಫೈಂಡ್‌ಎಂಎನ್‌ಟಿ’ಗಳಿಂದ ನೋಡಿ. ‘ಯುಮೌಂಟ್ -ಎಲ್’ ಕೊಟ್ಟರೆ ಮೌಂಟ್ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ತೆರೆದ ಫೈಲುಗಳು ತೆರೆದೇ ಇರುತ್ತವೆ. ಅದನ್ನು ನಂಬಿ ಡಿಸ್ಕಿನ ಕೇಬಲ್ ಕೀಳಬೇಡಿ.