ಹಳೇ ಕಾರಿಗೆ ಡಿಜಿಟಲ್ ರೇಡಿಯೊ: ಅರ್ತ್ ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ

ಹಳೇ ಕಾರಿಗೆ ಹೊಸ ರೇಡಿಯೊ ಕೂರಿಸುವುದೇನೂ ದೊಡ್ಡ ವಿದ್ಯೆಯಲ್ಲ. ನಾಲ್ಕು ಸ್ಕ್ರೂ, ಮೂರು ವೈರು, ಒಂದು ಆಂಟೆನಾ. ಆದರೆ ಕೂರಿಸಿದ ಮೇಲೆ ಅದು ಹಾಡಬೇಕಲ್ಲ! ನಾನು ಮೊದಲ ಸಲ ಕೈ ಹಾಕಿದಾಗ ಎರಡು ಭಾನುವಾರ ಹಾಳಾದವು. ರೇಡಿಯೊ ಸರಿಯಾಗೇ ಇತ್ತು. ಆಂಟೆನಾ ಬುಡದಲ್ಲಿ, ಬಣ್ಣದ ಅಡಿಯಲ್ಲಿ ತುಕ್ಕು ಕೂತಿತ್ತು, ಅಷ್ಟೇ.

ಮೊದಲು ಬಾನೆಟ್ ಎತ್ತಿ

ರೇಡಿಯೊ ಕೊಳ್ಳುವ ಮುಂಚೆ ಬ್ಯಾಟರಿಯ ಯಾವ ತುದಿ ಕಾರಿನ ಬಾಡಿಗೆ ಸೇರಿದೆ ನೋಡಿ. ಹಾಗೆ ಬಾಡಿಗೆ ಸೇರಿಸುವುದಕ್ಕೇ ಅರ್ತ್ ಅನ್ನುವುದು. ಈಗಿನ ಕಾರುಗಳಲ್ಲಿ ಅದು ಮೈನಸ್. 1960ರ ದಶಕದವರೆಗಿನ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ಸೇ ಬಾಡಿಗೆ ಹೋಗುತ್ತಿತ್ತು. ಎಂಜಿಬಿ ಅನ್ನುವ ಸ್ಪೋರ್ಟ್ಸ್ ಕಾರು 1967ರ ಕೊನೆಗೆ ಮೈನಸ್‌ಗೆ ಬದಲಾಯಿತು, ಪುಟ್ಟ ಮಿನಿ ಕಾರು 1969ಕ್ಕೆ. ವೋಲ್ಟೇಜನ್ನೂ ನೋಡಿಕೊಳ್ಳಿ. 1967ರ ಸುಮಾರಿನವರೆಗೆ ಫೋಕ್ಸ್‌ವ್ಯಾಗನ್ ಬೀಟಲ್ 6 ವೋಲ್ಟಿನಲ್ಲೇ ಓಡುತ್ತಿತ್ತು. ಅಂಥ ಕಾರಿಗೆ 12 ವೋಲ್ಟಿಗೆ ಏರಿಸುವ ಕನ್ವರ್ಟರ್ ಬೇಕು.

ಪ್ಲಸ್ ಅರ್ತ್ ಇದ್ದರೆ ಏನು ತೊಂದರೆ? ಹೊಸ ರೇಡಿಯೊದ ತಗಡಿನ ಪೆಟ್ಟಿಗೆ ಮೈನಸ್. ಅದು ಬಾಡಿಗೆ ತಾಗಿದರೆ ನೇರ ಶಾರ್ಟ್. ‘ರಬ್ಬರ್ ಸುತ್ತಿ ಕೂರಿಸಿದರಾಯ್ತು ಬಿಡಿ’ ಅನ್ನುವವರಿದ್ದಾರೆ. ಅವರು ಆಂಟೆನಾ ಮರೆತಿರುತ್ತಾರೆ. ಆಂಟೆನಾ ವೈರಿನ ಹೊರಗಿನ ಜಾಲರಿಯೂ ಮೈನಸ್ಸೇ, ಅದರ ಇನ್ನೊಂದು ತುದಿ ಬಾಡಿಗೆ ಬಿಗಿದಿರುತ್ತದೆ. ಪ್ಲಗ್ ಚುಚ್ಚಿದ ಕ್ಷಣ ಕಿಡಿ ಹಾರುತ್ತದೆ.

ದಾರಿ ಎರಡಿವೆ. ಒಳಬರುವ ಕರೆಂಟಿನ ವೈರುಗಳಿಗೂ ಹೊರಹೋಗುವ ವೈರುಗಳಿಗೂ ಸಂಪರ್ಕವೇ ಇಲ್ಲದ, ಐಸೊಲೇಟೆಡ್ ಕನ್ವರ್ಟರ್ ಹಾಕುವುದು ಒಂದು. ಇಡೀ ಕಾರನ್ನೇ ಮೈನಸ್ ಅರ್ತ್‌ಗೆ ತಿರುಗಿಸುವುದು ಇನ್ನೊಂದು. ನನ್ನ ಮತ ಎರಡನೆಯದಕ್ಕೆ. ಬ್ಯಾಟರಿ ತಿರುಗಿಸಿ, ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಒದಗಿಸುವ ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ವೈರು ಅದಲುಬದಲು ಮಾಡಿ. ಆಮೇಲೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೊಗೆ ಹೊಸ ದಿಕ್ಕು ಕಲಿಸಬೇಕು. ಬ್ರಿಟಿಷ್ ಕಂಪನಿ ಲೂಕಾಸ್‌ನ ಮಾದರಿಯ ಡೈನಮೊ ಆದರೆ ‘ಎಫ್’ ಅಂತ ಗುರುತಿರುವ ತುದಿಯ ವೈರು ತೆಗೆದು, ಬ್ಯಾಟರಿಯ ಪ್ಲಸ್ಸಿನಿಂದ ತಂದ ತುಂಡು ವೈರನ್ನು ಆ ತುದಿಗೆ ಎರಡು ಮೂರು ಸಲ ಚಕ್ಕೆಂದು ತಾಗಿಸಿ ತೆಗೆಯಿರಿ. ಸಣ್ಣ ಕಿಡಿ ಬರುತ್ತದೆ, ಕೆಲಸ ಮುಗಿಯಿತು. ಬಲ್ಬು, ಹಾರ್ನ್, ಸ್ಟಾರ್ಟರ್‌ಗೆ ಯಾವ ದಿಕ್ಕಾದರೂ ಒಂದೇ. ಆದರೆ ಎಂಜಿನ್ ವೇಗ ತೋರಿಸುವ ಎಲೆಕ್ಟ್ರಾನಿಕ್ ಟ್ಯಾಕೋಮೀಟರ್, ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಇದ್ದರೆ ಮೊದಲು ವಿಚಾರಿಸಿಕೊಳ್ಳಿ. ಡೈನಮೊ ಬದಲು ಆಲ್ಟರ್ನೇಟರ್ ಇರುವ ಕಾರಿನಲ್ಲಿ ಈ ಆಟ ಬೇಡವೇ ಬೇಡ, ಒಳಗಿನ ಡಯೋಡುಗಳು ಸುಟ್ಟು ಹೋಗುತ್ತವೆ.

ಯಾವ ರೇಡಿಯೊ?

ಡಿಜಿಟಲ್ ಅಂದರೆ ಎಲ್ಲ ಕಡೆ ಒಂದೇ ಅಲ್ಲ. ಯೂರೋಪಿನಲ್ಲಿ ಡಿಎಬಿ ಪ್ಲಸ್, ಅಮೆರಿಕದಲ್ಲಿ ಎಚ್‌ಡಿ ರೇಡಿಯೊ, ಭಾರತದಲ್ಲಿ ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರಕ್ಕೆ ಡಿಆರ್‌ಎಂ. ಒಂದರ ರೇಡಿಯೊ ಇನ್ನೊಂದನ್ನು ಹಿಡಿಯುವುದಿಲ್ಲ. ಕಾರು ಓಡುವ ಊರಲ್ಲಿ ಏನಿದೆಯೋ ಅದನ್ನೇ ಕೊಳ್ಳಿ. ನಾರ್ವೆಯಲ್ಲಿ 2017ರಲ್ಲೇ ರಾಷ್ಟ್ರೀಯ ಎಫ್‌ಎಂ ವಾಹಿನಿಗಳು ನಿಂತವು, ಅಲ್ಲಿ ಹಳೇ ಕಾರಿನವರಿಗೆ ಇದು ಶೋಕಿಯ ಮಾತಲ್ಲ. ಇಲ್ಲಿ ಹೆಚ್ಚಾಗಿ ಡಿಎಬಿ (ಅಂದರೆ ಡಿಎಬಿ ಪ್ಲಸ್) ಬಗ್ಗೆ ಹೇಳುತ್ತೇನೆ, ಕಾರಿಗೆ ಸಿಗುವ ಸಾಮಾನು ಜಾಸ್ತಿ ಇರುವುದು ಅದಕ್ಕೇ.

ಈಗಿನ ಸಿಂಗಲ್ ಡಿನ್ ಅನ್ನುವ ಪ್ರಮಾಣಿತ ಅಳತೆಯ ರೇಡಿಯೊಗೆ ಸುಮಾರು 182 ಮಿ.ಮೀ. ಅಗಲ, 53 ಮಿ.ಮೀ. ಎತ್ತರದ ಕಿಂಡಿ ಬೇಕು. ಹಳೇ ರೇಡಿಯೊಗಳಿಗೆ ಎರಡು ಗುಬುಟು, ನಡುವೆ ಚಿಕ್ಕ ಕಿಂಡಿ. ದಯವಿಟ್ಟು ಡ್ಯಾಶ್‌ಬೋರ್ಡ್ ಕೊಯ್ಯಬೇಡಿ. ಒಮ್ಮೆ ಕೊಯ್ದ ತಗಡು ವಾಪಸ್ ಬರುವುದಿಲ್ಲ. ಎರಡು ಗುಬುಟಿನ ಹಳೇ ಮುಖ, ಒಳಗೆ ಡಿಜಿಟಲ್ ಇರುವ ರೇಡಿಯೊಗಳು ಸಿಗುತ್ತವೆ. ಇಲ್ಲವೇ ಹಳೆಯದನ್ನು ಅಲ್ಲೇ ಬಿಟ್ಟು ಹೊಸದನ್ನು ಗ್ಲೋವ್‌ಬಾಕ್ಸಿನಲ್ಲಿ ಬಚ್ಚಿಡಿ.

ಕರೆಂಟು

ಬ್ಯಾಟರಿ ಕಳಚಿ ಶುರು ಮಾಡಿ. ರೇಡಿಯೊದ ಹಳದಿ ವೈರಿಗೆ ಸದಾ ಕರೆಂಟು ಬೇಕು, ಸ್ಟೇಷನ್ ನೆನಪಿಡಲು. ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ. ಕಪ್ಪು ಅರ್ತ್. ಹಳೇ ಬ್ರಿಟಿಷ್ ಕಾರುಗಳ ಬಣ್ಣಗಳೇ ಬೇರೆ. ಅಲ್ಲಿ ನೇರಳೆ ಫ್ಯೂಸ್ ದಾಟಿ ಬಂದ ಸದಾ ಕರೆಂಟು, ಹಸಿರು ಫ್ಯೂಸ್ ದಾಟಿದ ಇಗ್ನಿಷನ್ ಕರೆಂಟು. ಕೆಂಪು ಕಂಡಿತು ಅಂತ ಕೆಂಪಿಗೆ ಕೆಂಪು ಸೇರಿಸಿದರೆ ಪಾರ್ಕಿಂಗ್ ಲೈಟ್ ಹಾಕಿದಾಗ ಮಾತ್ರ ಹಾಡು ಬರುತ್ತದೆ! ಬಣ್ಣವನ್ನು ನಂಬಬೇಡಿ, ಮಲ್ಟಿಮೀಟರ್ ಹಿಡಿದು ನೋಡಿ.

10 ಆಂಪಿಯರ್ ಫ್ಯೂಸನ್ನು ಕರೆಂಟು ತೆಗೆದುಕೊಳ್ಳುವ ಜಾಗದ ಪಕ್ಕದಲ್ಲೇ ಹಾಕಿ. ಪೆಟ್ಟಿಗೆಯ ಮೇಲೆ ‘4 x 50 ವ್ಯಾಟ್’ ಅಂತ ಬರೆದಿರುತ್ತದೆ. 10 ಆಂಪಿಯರ್ ಅಂದರೆ 12 ವೋಲ್ಟಿಗೆ 120 ವ್ಯಾಟ್, 200 ಎಲ್ಲಿಂದ ಬರಬೇಕು ಹೇಳಿ? ಕಾರು ವಾರಗಟ್ಟಲೆ ನಿಲ್ಲುವುದಾದರೆ ಹಳದಿ ವೈರು ನಿಧಾನಕ್ಕೆ ಬ್ಯಾಟರಿ ಹೀರುತ್ತದೆ, ಒಂದು ಕಟಾಫ್ ಸ್ವಿಚ್ ಇರಲಿ.

ಸ್ಪೀಕರ್ ವಿಷಯದಲ್ಲಿ ಒಂದೇ ಎಚ್ಚರಿಕೆ. ಹಳೇ ಸ್ಪೀಕರಿನ ಒಂದು ವೈರು ಬಾಡಿಗೆ ಸೇರಿರಬಹುದು. ಹೊಸ ರೇಡಿಯೊದಲ್ಲಿ ಸ್ಪೀಕರಿನ ಎರಡು ವೈರಲ್ಲೂ ಸಿಗ್ನಲ್ ಇರುತ್ತದೆ, ಒಂದನ್ನೂ ಅರ್ತ್‌ಗೆ ತಾಗಿಸುವಂತಿಲ್ಲ. ಸ್ಪೀಕರಿಗೆ ಒಂದೇ ಜಾಗ ಇರುವ ಡ್ಯಾಶಿಗೆ ಎರಡು ಕಾಯಿಲ್‌ನ ಸ್ಪೀಕರ್ ಹಾಕಿದರೆ ಎಡ, ಬಲ ಎರಡೂ ಅದರಲ್ಲೇ ಬರುತ್ತವೆ.

ಆಂಟೆನಾ: ನಿಜವಾದ ಕೆಲಸ ಇಲ್ಲಿದೆ

ಎಫ್‌ಎಂ ಪ್ರಸಾರ 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಬರುತ್ತದೆ, ಡಿಎಬಿ 174ರಿಂದ 240ರ ನಡುವೆ. ಬಾಡಿ ಮೇಲೆ ನಿಂತ ಕಡ್ಡಿ ಅಲೆಯ ಕಾಲು ಭಾಗದಷ್ಟು ಉದ್ದವಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಎಫ್‌ಎಂಗೆ ಅದು ಸುಮಾರು 75 ಸೆಂ.ಮೀ., ಡಿಎಬಿಗೆ 37. ಅಂದರೆ ಪೂರ್ತಿ ಎಳೆದ ಎಫ್‌ಎಂ ಕಡ್ಡಿ ಡಿಎಬಿಗೆ ಅರ್ಧ ಅಲೆಯಾಯಿತು, ಬುಡದಲ್ಲಿ ಸಿಗ್ನಲ್ ಸರಿಯಾಗಿ ಇಳಿಯುವುದಿಲ್ಲ. ಎಳೆದು ಒಳಗೆ ತಳ್ಳುವ ಹಳೇ ಕಡ್ಡಿ ಇದ್ದರೆ 37 ಸೆಂ.ಮೀ.ಗೆ ತಗ್ಗಿಸಿ ನೋಡಿ. ದುಡ್ಡಿಲ್ಲದ ರಿಪೇರಿ! ಒಂದೇ ಆಂಟೆನಾದಿಂದ ಎರಡಕ್ಕೂ ಹಂಚುವ ಸ್ಪ್ಲಿಟರ್ ಕೂಡ ಸಿಗುತ್ತದೆ. ಡಿಆರ್‌ಎಂ ಕೇಳುವವರಿಗೆ ಇದು ಉಲ್ಟಾ, ಮೀಡಿಯಂ ವೇವ್‌ಗೆ ಕಡ್ಡಿ ಉದ್ದವಾದಷ್ಟೂ ಒಳ್ಳೆಯದು.

ಕಡ್ಡಿ ಅರ್ಧ ಆಂಟೆನಾ ಮಾತ್ರ. ಅದರ ಕೆಳಗಿನ ತಗಡು ಇನ್ನರ್ಧ. ಎರಡನ್ನೂ ಸೇರಿಸುವುದು ಬುಡದ ಕ್ಲಾಂಪಿನ ಹಲ್ಲುಗಳು. ಮಡ್ಗಾರ್ಡಿನ ಒಳಗೆ ಕೈ ಹಾಕಿ, ತೂತಿನ ಸುತ್ತ ಬಣ್ಣ, ಅಂಡರ್‌ಸೀಲ್ (ತುಕ್ಕು ತಡೆಯಲು ಬಳಿದ ಲೇಪ), ತುಕ್ಕು ಎಲ್ಲವನ್ನೂ ಉಜ್ಜಿ. ಲೋಹ ಬೆಳ್ಳಿಯ ಹಾಗೆ ಹೊಳೆಯಬೇಕು. ಕ್ಲಾಂಪ್ ಬಿಗಿದು, ಮೇಲೆ ಗ್ರೀಸ್ ಸವರಿ. ಈಗ ಮೀಟರ್ ಹಿಡಿಯಿರಿ. ಆಂಟೆನಾ ಪ್ಲಗ್ಗಿನ ಹೊರ ಬಳೆಯಿಂದ ಬಾಡಿಗೆ 1 ಓಮ್‌ಗಿಂತ ಕಡಿಮೆ ಬರಬೇಕು. ನಡುವಿನ ಪಿನ್ನಿಗೂ ಬಳೆಗೂ ಏನೂ ಸಂಪರ್ಕ ತೋರಿಸಬಾರದು. ನನ್ನ ಕಾರಿನಲ್ಲಿ ಮೊದಲ ಅಳತೆ 40 ಓಮ್ ತೋರಿಸಿತ್ತು. ಉಜ್ಜಿದ ಮೇಲೆ ಸೊನ್ನೆ ಚಿಲ್ಲರೆ.

ತೂತು ಕೊರೆಯಲು ಮನಸ್ಸಿಲ್ಲದವರಿಗೆ ಗಾಜಿಗೆ ಅಂಟಿಸುವ ಆಂಟೆನಾ ಇದೆ. ಅದಕ್ಕೂ ಒಂದು ತಾಮ್ರದ ಪಟ್ಟಿ ಇರುತ್ತದೆ, ಅದನ್ನು ಗಾಜಿನ ಪಕ್ಕದ ಕಂಬದ ಬರಿ ಲೋಹಕ್ಕೆ ಸೇರಿಸಬೇಕು. ಬಹಳ ಜನ ಅದನ್ನು ಬಣ್ಣದ ಮೇಲೆ ಅಂಟಿಸಿ ‘ಈ ಆಂಟೆನಾನೇ ಸರಿಯಿಲ್ಲ’ ಅನ್ನುತ್ತಾರೆ. ಫೈಬರ್‌ಗ್ಲಾಸ್ ಬಾಡಿಯ ಕಾರಾದರೆ ತಗಡೇ ಇಲ್ಲ, ಕಡ್ಡಿಯ ಬುಡದ ಒಳಗೆ ಸುತ್ತ 40 ಸೆಂ.ಮೀ. ಅಲ್ಯುಮಿನಿಯಂ ಹಾಳೆ ಅಂಟಿಸಿ.

ಗಲಾಟೆ ಎಲ್ಲಿಂದ?

ಎಂಜಿನ್ ಶುರು ಮಾಡಿ. ಎಫ್‌ಎಂ ಆದರೆ ಟಕಟಕ ಕೇಳಿಸುತ್ತದೆ. ಡಿಎಬಿ ಹಾಗೆ ಸದ್ದು ಮಾಡಿ ಹೇಳುವುದಿಲ್ಲ, ನೀರಲ್ಲಿ ಮುಳುಗಿದವನಂತೆ ಬುಳುಬುಳು ಅಂದು ಸುಮ್ನಾಗುತ್ತದೆ. ಅದಕ್ಕೇ ಪರೀಕ್ಷೆಗೆ ಎಫ್‌ಎಂ ಹಾಕಿಕೊಳ್ಳಿ. ಆಂಟೆನಾ ಕಿತ್ತಾಗ ಸದ್ದು ನಿಂತರೆ ಅದು ಗಾಳಿಯಲ್ಲಿ ಬರುತ್ತಿದೆ. ನಿಲ್ಲದಿದ್ದರೆ ಕರೆಂಟಿನ ವೈರಿನಲ್ಲಿ.

ಎಂಜಿನ್ ವೇಗದ ಜೊತೆ ಓಡುವ ಟಕಟಕ ಇಗ್ನಿಷನ್‌ದು. ಸ್ಪಾರ್ಕ್ ಪ್ಲಗ್ಗಿಗೆ ಹೋಗುವ ವೈರು ತಾಮ್ರದ್ದಾದರೆ ಪ್ಲಗ್ಗಿಗೆ 5,000 ಓಮ್‌ನ ಕ್ಯಾಪ್, ಇಲ್ಲವೇ ರೆಸಿಸ್ಟರ್ ಇರುವ ಸ್ಪಾರ್ಕ್ ಪ್ಲಗ್ ಹಾಕಿ. ಕುಂಯ್ ಅನ್ನುವ ರಾಗ ಡೈನಮೊದು. ಅದರ ದಪ್ಪ ವೈರಿನ ತುದಿಗೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸಾಕು, ‘ಎಫ್’ ತುದಿಗೆ ಮಾತ್ರ ಹಾಕಬೇಡಿ. ಇಗ್ನಿಷನ್ ಕಾಯಿಲ್‌ಗೂ ಇಂಥದ್ದೇ ಒಂದು, ಕೀಲಿಯಿಂದ ಕರೆಂಟು ಬರುವ ತುದಿಗೆ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಕಡೆ ಹಾಕಿದರೆ ಕಿಡಿಯೇ ಸೊರಗುತ್ತದೆ. ಇಷ್ಟಾದರೂ ಡಿಎಬಿ ತಡವರಿಸಿದರೆ ಅಗ್ಗದ ಯುಎಸ್‌ಬಿ ಚಾರ್ಜರ್ ಕಿತ್ತು ನೋಡಿ. ಎಲ್‌ಇಡಿ ಬಲ್ಬುಗಳೂ ಇದೇ ಜಾತಿ.

ಕೊನೆಯ ಕೆಲಸ, ಸ್ಟೇಷನ್ ಹುಡುಕಿಸುವುದು. ಕಾರನ್ನು ಶೆಡ್ಡಿನಿಂದ ಬಯಲಿಗೆ ತಂದು ಹುಡುಕಿಸಿ. ನಾನು ತಗಡಿನ ಶೆಡ್ಡಿನೊಳಗೇ ಬಟನ್ ಒತ್ತಿ, ಒಂದೂ ಸ್ಟೇಷನ್ ಸಿಗದೆ, ಇಡೀ ಡ್ಯಾಶನ್ನು ಮತ್ತೆ ಬಿಚ್ಚಿದ್ದೆ. ಎರಡನೇ ಭಾನುವಾರ ಹೋದದ್ದು ಹಾಗೆ.