ಮ್ಯಾಗ್ನಮ್ ರೈಫಲ್‌ಗೆ ಗಿಡ್ಡ ಬ್ಯಾರೆಲ್ ಬೇಕಾ?

ಅಮೆರಿಕದಲ್ಲಿರುವ ಭಾವಮೈದುನನಿಗೆ .300 ವಿನ್‌ಚೆಸ್ಟರ್ ಮ್ಯಾಗ್ನಮ್ ರೈಫಲ್ 20 ಇಂಚಿನ ಬ್ಯಾರೆಲ್‌ನಲ್ಲಿ ಸಾಕಾ ಅಂತ ಅಣ್ಣಾವ್ರೊಬ್ಬರು ಕೇಳಿದ್ದರು. (ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಬೇಟೆಯ ಮಾತೇ ಇಲ್ಲ. ಮೈಸೂರಲ್ಲಿ ಕೂತು ನಾವು ಸುಮ್ನೆ ಲೆಕ್ಕ ಹಾಕುವುದು ಅಷ್ಟೇ.)

ನಾನಾದರೆ 24 ಇಂಚಿಗಿಂತ ಕಡಿಮೆ ಬೇಡ ಅನ್ನುತ್ತೇನೆ. ಮ್ಯಾಗ್ನಮ್ ತೋಟಾದಲ್ಲಿ ನಿಧಾನವಾಗಿ ಉರಿಯುವ ಮದ್ದು ಜಾಸ್ತಿ. ಅದರ ಒತ್ತಡ ಗುಂಡನ್ನು ಪೂರ್ತಿ ತಳ್ಳಲು ಉದ್ದ ಬೇಕು. ಒಂದೊಂದು ಇಂಚು ಕಡಿಮೆಯಾದಾಗಲೂ ಸೆಕೆಂಡಿಗೆ ಸುಮಾರು 20ರಿಂದ 30 ಅಡಿ ವೇಗ ಹೋಗುತ್ತದೆ. 26ರಿಂದ 20ಕ್ಕೆ ಇಳಿದರೆ .30-06 ಅನ್ನುವ, ಮ್ಯಾಗ್ನಮ್ ಅಲ್ಲದ ರೈಫಲ್‌ನ ವೇಗದ ಹತ್ತಿರಕ್ಕೆ ಬಂದ ಹಾಗೆ. ಒದೆತ ಮತ್ತು ತೋಟಾದ ಖರ್ಚು ಮಾತ್ರ ಮ್ಯಾಗ್ನಮ್‌ನದೇ!

ವೇಗಕ್ಕಿಂತ ದೊಡ್ಡ ತೊಂದರೆ ಸದ್ದು. ಬ್ಯಾರೆಲ್ ಗಿಡ್ಡವಾದರೆ ಅದರ ಬಾಯಿ ನಮ್ಮ ಮುಖಕ್ಕೆ ಹತ್ತಿರ ಬರುತ್ತದೆ, ಬೆಂಕಿಯೂ ಹೆಚ್ಚು ಹೊಮ್ಮುತ್ತದೆ. ಮಜಲ್ ಬ್ರೇಕ್ (ಬ್ಯಾರೆಲ್‌ನ ತುದಿಯಲ್ಲಿ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ತುಂಡು) ಹಾಕಿದರೆ ಒದೆತ ಇಳಿಯುತ್ತದೆ, ಕಿವಿಯ ಕಥೆ ಇನ್ನೂ ಕೆಡುತ್ತದೆ.

ಗಿಡ್ಡದ್ದರಲ್ಲಿ ಗುರಿ ತಪ್ಪುತ್ತೆ ಅನ್ನುವುದು ಸುಳ್ಳು. ಗಿಡ್ಡ ಬ್ಯಾರೆಲ್ ಬಿಗಿಯಾಗಿಯೇ ಇರುತ್ತದೆ. ಸಪ್ರೆಸರ್ (ಬ್ಯಾರೆಲ್‌ನ ತುದಿಗೆ ಹಾಕುವ, ಸದ್ದು ಇಳಿಸುವ ಕೊಳವೆ) ಹಾಕುವವರಿಗೆ 20-22 ಇಂಚು ಸರಿ, ಅದೇ ಇನ್ನೂ ಆರೇಳು ಇಂಚು ಸೇರಿಸುತ್ತದಲ್ವಾ. ದಟ್ಟ ಕಾಡಲ್ಲಿ, ಹತ್ತಿರದ ಗುರಿಗೆ ಮಾತ್ರ ಅಂದರೆ ಚಿಕ್ಕ ತೋಟಾದ .308 ರೈಫಲ್ ತಗೊಳ್ಳಲಿ.